ಓಡೋ ಗಂಡಿನ ಶೂ

ಹೊಂಗನೂರಿನ ಯೋಗಾನಂದನ ಕಾಲಿಗೆ ಕಷ್ಟ ಬಂದದ್ದು ಬೆಳಿಗ್ಗೆ ಬಂದ ಒಂದು ಫೋನಿನಿಂದ. ಮದುವೆ ಬ್ರೋಕರ್ ವೆಂಕಟಯ್ಯ ಹಿಂದಿನ ದಿನವಷ್ಟೇ ಮುಂದಿನ ನಾಲ್ಕು ಹಲ್ಲು ಕೀಳಿಸಿಕೊಂಡಿದ್ದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡೂ ಫೋನು ಮಾಡಿದ್ದು ಅವರ ಒಳ್ಳೆಯತನ.

"ಹುಡ್ಗಿ ಕಡೆಯೋರು ಸಂಜೆ ಮನೆ ನೋಡಾಕೆ ಬತ್ತಾರೆ ಕಣವ್ವ. ಹುಡ್ಗೀನೂ ಬತ್ತಾಳೆ. ಓಡೋ ಗಂಡು ಬೇಕಂತೆ. ಇನ್ನೇನೂ ಕೇಳಲ್ಲ."

"ಓಡೋ ಗಂಡಾ?" ಎಂದರು ಯೋಗಾನಂದನ ತಾಯಿ ದೊಡ್ಡಲಕ್ಷ್ಮಮ್ಮ. "ಮದ್ವೆ ಆಗಾಕೆ ಯಾಕಪ್ಪಾ ಓಡ್ಬೇಕು?"

"ಅವ್ಳೂ ಓಡ್ತಾಳೆ. ಮನೇಲಿ ರಾಶಿ ರಾಶಿ ಇಟ್ಕಂಡವ್ಳೆ..." ಅಷ್ಟರಲ್ಲಿ ಫೋನು ಕಟ್ಟಾಯಿತು.

ರಾಶಿ ರಾಶಿ ಇಟ್ಟುಕೊಂಡಿರುವುದು ಏನು? ಓಡುವ ಹುಡುಗಿ ಇನ್ನೇನು ಇಟ್ಟುಕೊಳ್ಳುತ್ತಾಳೆ, ಶೂಗಳೇ ಇರಬೇಕು ಎಂದು ತಾಯಿ ಮಗ ತೀರ್ಮಾನಿಸಿದರು.

ಯೋಗಾನಂದನಿಗೆ ಮೂವತ್ತನಾಲ್ಕು ವರ್ಷ. ರೇಷ್ಮೆ ಸಾಕುವವನಿಗೆ ಹೆಣ್ಣು ಸಿಗುವುದೇ ಕಷ್ಟ, ಅದರ ಮೇಲೆ ಅವನಿಗೊಂದು ಚಟ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ ಸೊಂಟಕ್ಕೆ ಒಂದು ಕಾದಂಬರಿ ಸಿಕ್ಕಿಸಿಕೊಂಡಿರುತ್ತಿದ್ದ. "ಗಂಡು ಕೂತ ಜಾಗದಿಂದ ಏಳಾಕಿಲ್ಲ" ಎಂದು ಎರಡು ಸಂಬಂಧ ಮುರಿದುಬಿದ್ದಿದ್ದವು. ಈ ಸಲದ ಹುಡುಗಿ ಮಮತಾ, ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು. ಅವಳ ಫೋಟೋವನ್ನು ಯೋಗಾನಂದ ವಾರದಿಂದ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಿದ್ದ. ಅದರಿಂದಾಗಿ ಆ ಪುಸ್ತಕ ಒಂದು ಪುಟವೂ ಮುಂದೆ ಹೋಗಿರಲಿಲ್ಲ.

ದೊಡ್ಡಲಕ್ಷ್ಮಮ್ಮ ಮನೆಯ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಸೊಪ್ಪಿನ ರಾಶಿಯ ಕೆಳಗೆ ತಳ್ಳಿದರು. "ಇವತ್ತು ಪುಸ್ತಕದ ಸುದ್ದಿ ಎತ್ತಿದ್ರೆ ನನ್ನಾಣೆ. ವೋಗು, ಓಡಾಕೆ ಒಂದು ಜೊತೆ ಶೂ ತಗಂಬಾ."

ಪಕ್ಕದ ಮನೆಯ ದೇವರಾಜು ಕರೆಯದೆಯೇ ಬೈಕು ತೆಗೆದ. ಚನ್ನಪಟ್ಟಣದಲ್ಲಿ ಶೂ ಅಂಗಡಿ ನಡೆಸುವ ಫಿರೋಜಾ ಡಬ್ಬಿಯ ಮೇಲೆ ಡಬ್ಬಿ ಇಳಿಸಿದಳು. ತೋಟದಲ್ಲಿ ಬರಿಗಾಲಲ್ಲಿ ತಿರುಗಿ ತಿರುಗಿ ಯೋಗಾನಂದನ ಪಾದ ಹಿಮ್ಮಡಿಯ ಹತ್ತಿರ ಸಣ್ಣಗಿದ್ದು, ಬೆರಳ ಹತ್ತಿರ ಬಾಳೆಚಿಪ್ಪಿನಂತೆ ಅಗಲಿಸಿಕೊಂಡಿತ್ತು. ಎಂಟನೇ ನಂಬರಿಗೆ ಬೆರಳು ಒಪ್ಪಲಿಲ್ಲ. ಒಂಬತ್ತಕ್ಕೆ ಕಿರುಬೆರಳು ಮಾತ್ರ ಮುನಿಸಿಕೊಂಡಿತು. ಹತ್ತು ಹಾಕಿದರೆ ಕಾಲು ಮುಂದೆ ಹೋಗುತ್ತಿತ್ತು, ಶೂ ಅಲ್ಲೇ ಇರುತ್ತಿತ್ತು.

ಫಿರೋಜಾ ಅವನಿಗೆ ಕುಡಿಯಲು ನೀರು ಕೊಟ್ಟು ಹೇಳಿದಳು: "ಅಣ್ಣಾ, ನಿಮ್ದು ಪಾದ ಅಗಲ. ಇದು ತಗೋಬ್ಯಾಡಿ, ಚುಚ್ತದೆ. ಅಗಲದ್ದು ನಾಳೆ ತರಿಸಿಕೊಡ್ತೀನಿ."

ವ್ಯಾಪಾರ ಬಿಟ್ಟು ಕಾಲಿನ ಮೇಲೆ ಕರುಣೆ ತೋರಿಸುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ? ಯೋಗಾನಂದ ಏಳಲು ನೋಡಿದ. ದೇವರಾಜು ಬಿಡಲಿಲ್ಲ.

"ನಾಳೆ ತಗಂಡು ಏನ್ಲಾ ಮಾಡ್ತೀಯ? ಹುಡ್ಗಿ ಬರಾದು ಇವತ್ತು. ಹೊಸಾ ಶೂ ಅಂದ್ರೆ ಹೊಸಾ ಎತ್ತು ಇದ್ದಂಗೆ ಕಣ್ಲಾ. ನೊಗಕ್ಕೆ ಕಟ್ಟಿದ್ರೇ ಪಳಗಾದು."

ಒಂಬತ್ತನೇ ನಂಬರಿನ ಕೆಂಪು ಶೂ ಮನೆಗೆ ಬಂತು. ಯೋಗಾನಂದ ಅದನ್ನು ಹಾಕಿಕೊಂಡು ಬೀದಿಯಲ್ಲಿ ಒಂದು ಸುತ್ತು ಓಡಿ, ಕೆಂಡ ತುಳಿದವನಂತೆ ಕುಣಿಯುತ್ತ ವಾಪಸು ಬಂದ.

ಎದುರು ಮನೆಯ ಬೈರಮ್ಮ ನೋಡಲಾರದೆ ಎದ್ದು ಬಂದರು. "ಅಯ್ಯೋ ಕೂಸೇ, ಬಿಗಿ ಆದ್ರೆ ನೆನೆಸಿದ ಹುರುಳಿ ತುಂಬ್ಬೇಕು. ಕಾಳು ಊದ್ಕಂತದೆ, ಶೂ ತಾನಾಗೇ ಅಗಲ ಆಯ್ತದೆ." ಹೇಳಿ ಸುಮ್ಮನಿರಲಿಲ್ಲ, ತಮ್ಮ ಮನೆಯ ಸಾರಿಗೆ ನೆನೆಹಾಕಿದ್ದ ಹುರುಳಿಯನ್ನೇ ಪಾತ್ರೆ ಸಮೇತ ತಂದು ಎರಡೂ ಶೂಗಳಿಗೆ ಸುರಿದರು. ಅವರ ಮನೆಯಲ್ಲಿ ಆ ದಿನ ಬರೀ ಉಪ್ಪಿನಕಾಯಿ.

ಮಧ್ಯಾಹ್ನ ಕಾಳು ತೆಗೆದಾಗ ಶೂ ಒಸಿ ಅಗಲವಾಗಿದ್ದು ನಿಜ, ಆದರೆ ತೊಪ್ಪೆಯಾಗಿತ್ತು. "ಒದ್ದೆ ಶೂನಾಗೆ ಹೆಂಗ್ಲಾ ಓಡ್ತೀಯ?" ಎಂದು ದೇವರಾಜು ಅದನ್ನು ಒಲೆಯ ಮುಂದೆ ಇಟ್ಟ. ಒಣಗಿದ ಶೂ ಮೊದಲಿಗಿಂತ ಎರಡು ಬೆರಳು ಕುಗ್ಗಿ, ಹುರುಳಿ ಸಾರಿನ ವಾಸನೆ ಹೊಡೆಯುತ್ತ ಹೊರಬಂತು.

ಅದನ್ನು ಕಾಲಿಗೆ ಹಾಕಿಸಲು ಇಬ್ಬರು ಬೇಕಾಯಿತು. ಬೈರಮ್ಮ ಹರಳೆಣ್ಣೆ ಸವರಿದರು, ದೇವರಾಜು ಮಂಡಿ ಕೊಟ್ಟು ಒತ್ತಿದ. ಬಿಚ್ಚಿಹೋಗದಿರಲಿ ಎಂದು ದಾರಕ್ಕೆ ದನ ಕಟ್ಟುವ ಗಂಟು ಹಾಕಿದ. ಅದೇ ಹೊತ್ತಿಗೆ ಹುಡುಗಿಯ ಕಡೆಯವರು ಬಂದರು.

ಮಮತಾ ಫೋಟೋಗಿಂತ ಚೆನ್ನಾಗಿದ್ದಳು. ಜೊತೆಗೆ ಅವಳ ತಂದೆ ಬೋರಲಿಂಗಯ್ಯ. ಯೋಗಾನಂದ ಹಲ್ಲು ಕಚ್ಚಿ ನಗುತ್ತ ಕುಳಿತ. ಮನೆಯೊಳಗೆ ಶೂ ಹಾಕಿಕೊಂಡು ಕೂತ ಗಂಡನ್ನು ನೋಡಿ ಬೋರಲಿಂಗಯ್ಯನವರಿಗೆ ಆಶ್ಚರ್ಯವಾದರೂ ದೊಡ್ಡ ಮನುಷ್ಯರು, ನೋಡದವರಂತೆ ಕೂತರು. ಕಾಫಿ ಬಂತು, ರೇಷ್ಮೆ ಗೂಡಿನ ರೇಟಿನ ಮಾತಾಯಿತು.

"ಓದಾದು ಗೀದಾದು ಐತೇನಪ್ಪ?" ಎಂದರು ಬೋರಲಿಂಗಯ್ಯ.

ದೊಡ್ಡಲಕ್ಷ್ಮಮ್ಮ ಬೆಚ್ಚಿಬಿದ್ದರು. ಹಳೆಯ ಸುದ್ದಿ ಯಾರೋ ಊದಿಬಿಟ್ಟಿದ್ದಾರೆ. "ಎಲ್ಲಾದ್ರೂ ಉಂಟೇ? ನಮ್ಮ ಹುಡ್ಗ ಪುಸ್ತಕ ಕಂಡ್ರೆ ಆರು ಮಾರು ದೂರ."

ಮಮತಾ ಯೋಗಾನಂದನನ್ನೇ ನೋಡಿದಳು. "ನಿಜವಾಗ್ಲೂ ಏನೂ ಓದಲ್ವಾ ನೀವು?"

ಅವನ ಕಿರುಬೆರಳು ಉರಿಯುತ್ತಿತ್ತು. ಎದುರಿಗೆ ತಾಯಿಯ ಆಣೆ ಕೂತಿತ್ತು. "ಇಲ್ಲಾರೀ. ಕೂತ್ಕಂಡು ಪುಸ್ತಕ ಓದೋದು ಕೆಲಸ ಇಲ್ದಿರೋರು. ನಾನು ಹತ್ತು ವರ್ಷದಿಂದ ಒಂದು ಪುಸ್ತಕಾನೂ ಮುಟ್ಟಿಲ್ಲ" ಎಂದ. ಹೆಚ್ಚಿಗೆ ಹೇಳಿದರೆ ಒಳ್ಳೆಯದೇ ಎಂದು, "ಮನೇಲಿದ್ದವನ್ನೂ ಒಲೆಗೆ ಹಾಕ್ದೆ" ಎಂದೂ ಸೇರಿಸಿದ.

ಮಮತಾಳ ಮುಖ ಸಪ್ಪಗಾಯಿತು. ಅರ್ಧ ಕುಡಿದ ಕಾಫಿ ಕೆಳಗಿಟ್ಟಳು. ಬೋರಲಿಂಗಯ್ಯ, "ಬಸ್ಸಿನ ಟೈಮಾಯ್ತು" ಎಂದು ಎದ್ದು ಹೊರಟೇಬಿಟ್ಟರು.

ಬಾಗಿಲ ಬಳಿ ಮಮತಾ ನಿಂತಳು. ಬ್ಯಾಗಿನಿಂದ ಗಾಯಕ್ಕೆ ಹಚ್ಚುವ ಎರಡು ಪಟ್ಟಿ ತೆಗೆದು ಅವನ ಕೈಗಿಟ್ಟಳು. "ಆವಾಗಿಂದ ಕಾಲು ನೋಯ್ತಾ ಇದೆ ನಿಮಗೆ. ಹಚ್ಕೊಳ್ಳಿ. ಲೈಬ್ರರಿಗೆ ಬರೋ ಮಕ್ಕಳಿಗೆ ಅಂತ ಇಟ್ಕೊಂಡಿರ್ತೀನಿ."

"ಯಾವ ಲೈಬ್ರರಿ?"

"ನಮ್ಮೂರ ಲೈಬ್ರರಿ ನೋಡ್ಕೊಳ್ಳೋದು ನಾನೇ. ವೆಂಕಟಯ್ಯನವರು ಹೇಳ್ಲಿಲ್ವಾ? ನಾನು ಕೇಳಿದ್ದು ಒಂದೇ, ಓದೋ ಗಂಡು ಬೇಕು ಅಂತ. ಇರ್ಲಿ ಬಿಡಿ." ಅವಳು ತಂದೆಯ ಹಿಂದೆ ನಡೆದಳು.

ಯೋಗಾನಂದ ಸಿಡಿಲು ಬಡಿದ ತೆಂಗಿನ ಮರದಂತೆ ನಿಂತ. ದೊಡ್ಡಲಕ್ಷ್ಮಮ್ಮ ಕುಸಿದು ಕೂತು, "ಓದೋ ಗಂಡು... ಓಡೋ ಗಂಡು... ಹಲ್ಲಿಲ್ದ ಬಾಯಿ ನನ್ನ ಮನೆ ತೆಗೀತಲ್ಲಪ್ಪಾ" ಎಂದರು.

"ನಿಂತ್ಕಂಡು ಏನ್ ನೋಡ್ತೀಯಲಾ, ಓಡ್ಲಾ," ಎಂದ ದೇವರಾಜು. "ವೋಗಿ ನಿಜ ಹೇಳು."

ಬಸ್ಸು ಹೊರಟಾಗಿತ್ತು. ಯೋಗಾನಂದ ಶೂ ಕೀಳಲು ನೋಡಿದ, ದನದ ಗಂಟು ಬಿಚ್ಚಲಿಲ್ಲ. ಶೂ ಸಮೇತ ಓಡಿದ. ಒಂದೊಂದು ಹೆಜ್ಜೆಗೂ ಜೀವ ಹೋಗಿ ಬಂತು. ಕುಂಟುತ್ತ, ಹಾರುತ್ತ, ಕೈ ಬೀಸುತ್ತ ಊರಾಚೆಯ ತಿರುವಿನವರೆಗೆ ಓಡಿದ. ಕನ್ನಡಿಯಲ್ಲಿ ಅವನನ್ನು ಕಂಡ ಡ್ರೈವರು, ಪಾಪ, ಬಸ್ಸು ನಿಲ್ಲಿಸಿದ.

ಮಮತಾ ಕಿಟಕಿಯಿಂದ ಬಗ್ಗಿ ನೋಡಿದಳು. ಯೋಗಾನಂದನ ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ನಾನು... ನಾನು... ಓ... ಓ..."

ಅದರಾಚೆಗೆ ಉಸಿರು ದಾಟಲಿಲ್ಲ.

"ಗೊತ್ತಾಯ್ತು, ಓಡ್ತೀರಿ," ಎಂದಳು ಮಮತಾ. ಅವಳ ಕಣ್ಣಲ್ಲಿ ಕನಿಕರವಿತ್ತು. "ಬೇಜಾರು ಮಾಡ್ಕೋಬೇಡಿ. ನಮ್ಮೂರ ಸ್ಕೂಲಿನ ಪಿ.ಟಿ. ಮೇಡಂಗೂ ಗಂಡು ಹುಡುಕ್ತಾ ಇದಾರೆ. ನೀವು ಓಡಿ ಬಂದದ್ದನ್ನ ಈಗ್ಲೇ ಫೋನಲ್ಲಿ ಹೇಳ್ತೀನಿ. ನಾಳೆ ಬೆಳಿಗ್ಗೆ ಅವರೇ ಬಂದು ನಿಮ್ಮನ್ನ ಗ್ರೌಂಡಿಗೆ ಕರ್ಕೊಂಡು ಹೋಗ್ತಾರೆ."

ಕಂಡಕ್ಟರು ರೈಟ್ ಅಂದ.