ಬೀದಿಗೆ ಬೀದಿಯೇ ಶಾಲೆಗೆ ಹೊರಟಿತು

ಮಗುವನ್ನು ಮೊದಲ ದಿನ ಶಾಲೆಗೆ ಕಳಿಸುವುದು ಒಂದು ವಿಜ್ಞಾನ! ಅದನ್ನು ಅರೆದು ಕುಡಿದವರು ನಮ್ಮ ಬೀದಿಯಲ್ಲಿ ಒಬ್ಬರೇ ಒಬ್ಬರಿದ್ದಾರೆ, ಆ ಒಬ್ಬರು ನಾನು! ಹೀಗೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಗಳ ಹೊಸ ಯೂನಿಫಾರ್ಮಿನ ಸಡಿಲ ಗುಂಡಿಯನ್ನು ಬಿಗಿ ಮಾಡುತ್ತಿದ್ದಳು. ತಲೆ ಎತ್ತದೆ ದಾರವನ್ನು ಹಲ್ಲಿನಿಂದ ಕಡಿದಳು. ಅದು ಚಪ್ಪಾಳೆಯಲ್ಲ ಎಂದು ನನಗೆ ಗೊತ್ತಾಯಿತು.

ನನ್ನ ಉದ್ಯೋಗವನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಬೆಂಕಿ ಬೀಳದೇ ಇರುವಾಗ ಬೆಂಕಿ ಬಿದ್ದಿದೆ ಎಂದು ಸೀಟಿ ಊದಿ, ಕೂತವರನ್ನೆಲ್ಲ ಎಬ್ಬಿಸಿ, ಮೆಟ್ಟಿಲಿಳಿಸಿ, ಬಯಲಿಗೆ ಓಡಿಸುವುದು ನನ್ನ ಕೆಲಸ. ಅದಕ್ಕೆ ಡ್ರಿಲ್ಲು ಎನ್ನುತ್ತಾರೆ. ಅದರ ಪರಮ ಸೂತ್ರ ಏನೆಂದರೆ, ಇದು ಡ್ರಿಲ್ಲು ಎಂದು ಯಾರಿಗೂ ಹೇಳಕೂಡದು! ಹೇಳಿದಿರೋ, ಅಕೌಂಟ್ಸಿನವರು ಟೀ ಲೋಟ ಹಿಡಿದುಕೊಂಡು, ಗಂಡಿನ ಕಡೆಯ ಬೀಗರ ಹಾಗೆ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾರೆ.

ಇನ್ನು ನಮ್ಮ ಮನೆಯ ಸಮಸ್ಯೆ. ಮಗಳು ಒಂದನೇ ತರಗತಿಗೆ ಸೇರಿದ್ದಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅವಳಿಗೆ ಚಿಟಿಕೆ ಎಂದೇ ಹೆಸರು ಬಿದ್ದಿದೆ. ಗಾತ್ರ ಮಾತ್ರ ಚಿಟಿಕೆ, ಹಟ ಹಿಡಿದರೆ ಹಿಡಿಗೆ ಸಿಗುವವಳಲ್ಲ! "ನಾನು ಶಾಲೆಗೆ ಹೋಗಲ್ಲ. ನಂಗೆ ಈಗ್ಲೇ ಎಲ್ಲಾ ಗೊತ್ತು" ಎಂದು ಅವಳು ತೀರ್ಪು ಕೊಟ್ಟು ವಾರವಾಗಿತ್ತು. ನನ್ನ ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ. ಇದ್ದಬದ್ದ ರಜೆಯೆಲ್ಲ ಮುಗಿದು, ಶಾಲೆ ಶುರುವಾಗುವ ಗುರುವಾರವೇ ಅವಳು ಹೋಗಿ ಬಾಗಿಲು ತೆರೆಯಬೇಕಿತ್ತು. ಮಗಳು ಗೇಟಿನ ಕಂಬ ತಬ್ಬಿಕೊಂಡು ಅತ್ತರೆ ಪಕ್ಕದಲ್ಲಿ ನಿಂತು ಮುದ್ದು ಮಾಡುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಅಳದೆ ಹೋಗಬೇಕು. ಅಷ್ಟೇ ನಮಗೆ ಬೇಕಾದದ್ದು.

"ಬುಧವಾರ ನನಗೆ ವಾರದ ರಜೆ. ಅವತ್ತೇ ಒಂದು ಡ್ರಿಲ್ಲು ಮಾಡಿಬಿಡೋಣ. ಎಬ್ಬಿಸು, ಸ್ನಾನ, ಯೂನಿಫಾರ್ಮು, ಡಬ್ಬಿ, ಶಾಲೆಯ ಗೇಟು ಮುಟ್ಟಿ ವಾಪಸ್ಸು!"

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಎಂದಳು ಹೆಂಡತಿ.

"ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಆಗ್ಬಾರ್ದಲ್ಲ ಕಣೇ!"

"ಹೋಗ್ಲಿ, ಮಗುಗೆ ಇದು ಸುಮ್ನೆ ಅಭ್ಯಾಸ ಅಂತ ಹೇಳಿ ಕರ್ಕೊಂಡು ಹೋಗಿ."

"ಹೇಳೋದಾ? ಹೇಳಿದ್ರೆ ಅದೆಂಥಾ ಡ್ರಿಲ್ಲು!"

"ರೀ" ಎಂದಳು ಪಿಸುದನಿಯಲ್ಲಿ. ಲೈಬ್ರರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಅವಳಿಗೆ ಸಿಟ್ಟು ಕೂಡ ಪಿಸುಮಾತಿನಲ್ಲೇ ಬರುತ್ತದೆ. ದನಿ ಇಳಿದಷ್ಟೂ ಅಪಾಯ ಏರಿತೆಂದು ಲೆಕ್ಕ. ನಾನು ಆ ಎಚ್ಚರಿಕೆಯನ್ನು ಕಡೆಗಣಿಸಿದೆ. ಸೇಫ್ಟಿ ಆಫೀಸರ್ ನಾನೇ ತಾನೆ!

ಬುಧವಾರ ಬೆಳಿಗ್ಗೆ ಮಗಳ ಕಿವಿಯ ಹತ್ತಿರ ಸೀಟಿ ಊದಿದೆ. "ಏಳು ಚಿಟಿಕೆ! ಇವತ್ತೇ ಶಾಲೆ!" ಅವಳು ಗಾಬರಿಯಲ್ಲಿ ಅಳುವುದನ್ನೇ ಮರೆತು ಎದ್ದು ನಿಂತಳು. ನೋಡಿದಿರಾ ಸೂತ್ರದ ಮಹಿಮೆ! ಹಲ್ಲುಜ್ಜಿಸಿ, ಮೀಯಿಸಿ, ಬಟ್ಟೆ ಹಾಕಿ, ಬೂಟಿನ ಎಡ ಬಲ ಒಮ್ಮೆ ಅದಲುಬದಲಾಗಿ ಮತ್ತೆ ಸರಿಯಾಗಿ, ಬ್ಯಾಗು ಬೆನ್ನಿಗೇರಿಸಿ, ನೀರಿನ ಬಾಟಲಿಯನ್ನು ಪದಕದಂತೆ ಕೊರಳಿಗೆ ಹಾಕಿ ನಾವಿಬ್ಬರೂ ದಿಗ್ವಿಜಯಕ್ಕೆ ಹೊರಟೆವು.

ಎದುರು ಮನೆಯ ಡೆಂಟಿಸ್ಟರು, ಒಳಗೆ ಕೂರಿಸಿದ ಪೇಷೆಂಟಿನ ದವಡೆ ಜೋಮು ಹಿಡಿಯುವ ತನಕ, ಗೇಟಿನ ಬಳಿ ನಿಂತು ಪೇಪರ್ ಬಿಡಿಸುತ್ತಿದ್ದರು. ಮನೆಯ ಕೆಳಗೇ ಅವರ ಕ್ಲಿನಿಕ್ಕು, ಮೇಲೆ ಅವರ ಅವಳಿ ಹೆಣ್ಣುಮಕ್ಕಳು. ಅವರು ಚಿಟಿಕೆಯನ್ನು ತಲೆಯಿಂದ ಬೂಟಿನವರೆಗೆ ನೋಡಿದರು.

"ಏನ್ ಸಾರ್, ಯೂನಿಫಾರ್ಮು? ಶಾಲೆ ನಾಳೆಯಿಂದ ಅಲ್ವಾ?"

ಈಗ ನೀವೇ ಹೇಳಿ. ಮಗಳು ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿಂತಿದ್ದಾಳೆ. ನಿಜ ಹೇಳಿದರೆ ಡ್ರಿಲ್ಲು ಅಲ್ಲಿಗೇ ನೆಗೆದು ಬೀಳುತ್ತದೆ!

"ಇವತ್ತೇ" ಎಂದೆ.

"ನಿಜವಾಗ್ಲೂ?"

"ನಿಜ ಸಾರ್!"

ಅವರ ಕೈಯಿಂದ ಪೇಪರ್ ಜಾರಿತು. "ಲೇ! ಶಾಲೆ ಇವತ್ತೇ ಅಂತೆ ಕಣೇ!" ಎಂದು ಅವರು ಮನೆಯತ್ತ ಕೂಗಿದ ಕೂಗಿಗೆ ಮೂಲೆಮನೆಯ ಕಿಟಕಿ ತೆರೆಯಿತು. ಆ ಕಿಟಕಿಯಿಂದ ಪಕ್ಕದ ಮಹಡಿಗೆ, ಮಹಡಿಯಿಂದ ಹಿಂದಿನ ಓಣಿಗೆ ಸುದ್ದಿ ಹಬ್ಬಿತು. ನಮ್ಮ ಕಾರ್ಖಾನೆಯ ತಿನ್ನರ್ ಡಬ್ಬಕ್ಕೆ ಬೆಂಕಿ ಬಿದ್ದರೂ ಅಷ್ಟು ಬೇಗ ಹರಡಲಿಕ್ಕಿಲ್ಲ! ಮನೆಮನೆಯಿಂದ ಮಕ್ಕಳ ಅಳು, ತಾಯಂದಿರ ಗದರಿಕೆ, ಅಪ್ಪಂದಿರ "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಎಲ್ಲ ಒಟ್ಟಿಗೇ ಕೇಳಿಸತೊಡಗಿದವು. ಒಂದೇ ಕಾಲುಚೀಲ ಹಾಕಿಕೊಂಡ ಮಗು ಇನ್ನೊಂದಕ್ಕಾಗಿ ಮನೆಯ ಬಾಗಿಲಲ್ಲೇ ಕುಂಟುತ್ತಿತ್ತು. ವ್ಯಾನ್ ಡ್ರೈವರನನ್ನು ಯಾರೋ ಫೋನಿನಲ್ಲಿ ಬೈದು ಎಬ್ಬಿಸಿದ್ದರು. ಬಾಯ್ತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡೇ ಅವನು ವ್ಯಾನು ತಂದು ನಿಲ್ಲಿಸಿದ. ಹಿಡಿಸಿದಷ್ಟು ಮಕ್ಕಳು ಅದರೊಳಗೆ ತುಂಬಿಕೊಂಡರು. ಉಳಿದವರು ನೈಟಿ ಮೇಲೆ ಶಾಲು ಹೊದ್ದ ತಾಯಂದಿರ, ಲುಂಗಿಯುಟ್ಟ ಅಪ್ಪಂದಿರ ಕೈ ಹಿಡಿದು ಹಿಂದಿನಿಂದ ಓಡಿದರು.

"ಅಪ್ಪಾ, ಎಲ್ರೂ ಬರ್ತಾ ಇದ್ದಾರೆ!" ಎಂದಳು ಚಿಟಿಕೆ. ಮೊದಲ ಬಾರಿಗೆ ಅವಳ ಮುಖದಲ್ಲಿ ನಗು ಕಂಡಿತು. ಆ ನಗುವನ್ನು ಕೆಡಿಸಿ ನಿಜ ಹೇಳಲು ಮನಸ್ಸಾಗಲಿಲ್ಲ. ಈಗ ಹೇಳೋಣ, ಆಮೇಲೆ ಹೇಳೋಣ ಎನ್ನುತ್ತಲೇ ಶಾಲೆ ಬಂದುಬಿಟ್ಟಿತು.

ಗೇಟಿಗೆ ಬೀಗ! ಒಳಗೆ ಹೆಡ್‌ಮಿಸ್ಸು ಕುರ್ಚಿಯ ಮೇಲೆ ನಿಂತು ಗೋಡೆಗೆ ಬಣ್ಣದ ಕಾಗದ ಅಂಟಿಸುತ್ತಿದ್ದರು. ಬೀದಿಗೆ ಬೀದಿಯೇ ಬಂದು ಸರಳು ಅಲ್ಲಾಡಿಸುವುದನ್ನು ಕಂಡು, ಅಂಟಿನ ಬ್ರಷ್ ಹಿಡಿದುಕೊಂಡೇ ಇಳಿದು ಬಂದರು.

"ಏನಾಯ್ತು? ಯಾಕೆ ಎಲ್ಲರೂ ಬಂದ್ರಿ? ಶಾಲೆ ನಾಳೆ ಅಲ್ವಾ?"

ಎಲ್ಲರೂ ಡೆಂಟಿಸ್ಟರನ್ನು ನೋಡಿದರು. ಡೆಂಟಿಸ್ಟರು ನನ್ನನ್ನು ನೋಡಿದರು. ನಾನು ನೋಡುವುದಕ್ಕೆ ನನ್ನ ಹಿಂದೆ ಯಾರೂ ಇರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹೆಡ್‌ಮಿಸ್ಸಿನ ಹತ್ತಿರ ಸರಿದು, ಮಗಳಿಗೆ ಕೇಳಿಸದ ಹಾಗೆ, "ಮೇಡಂ, ಇದು... ಒಂದು ಡ್ರಿಲ್ಲು" ಎಂದೆ.

ಮಗಳಿಗೆ ಕೇಳಿಸಲಿಲ್ಲ, ಬೀದಿಗೆಲ್ಲ ಕೇಳಿಸಿತು!

"ಡ್ರಿಲ್ಲಾ?" ಡೆಂಟಿಸ್ಟರ ಕಿವಿ ಕೆಂಪಾಯಿತು. "ಬಾಯಿ ತೆರೆದು ಕೂತಿದ್ದ ಪೇಷೆಂಟನ್ನ ಹಾಗೇ ಬಿಟ್ಟು ಬಂದಿದ್ದೀನಲ್ರೀ!"

ಆವತ್ತು ನನ್ನ ಮೈಮೂಳೆ ಉಳಿದದ್ದು ಹೆಡ್‌ಮಿಸ್ಸಿನ ಪುಣ್ಯದಿಂದ. ಅವರು ಒಮ್ಮೆ ಮಕ್ಕಳನ್ನು, ಒಮ್ಮೆ ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದಿದ್ದ ಬೆಂಚುಗಳನ್ನು ನೋಡಿದರು. ನಂತರ ಬೀಗ ತೆಗೆದು, "ಬಂದಿದ್ದೂ ಬಂದಿದ್ದೀರಿ, ಒಳಗೆ ಬನ್ನಿ. ಮಕ್ಕಳು ಆಡ್ಕೊಳ್ಳಿ, ಅಪ್ಪಂದಿರು ಈ ಬೆಂಚುಗಳನ್ನ ಕ್ಲಾಸಿಗೆ ಹಾಕಿ" ಎಂದರು. ಚಿಟಿಕೆ ಅವಳಿಗಳ ಜತೆ ಜಾರುಬಂಡೆ ಹತ್ತಿದಳು, ಜಾರಿದಳು, ಮತ್ತೆ ಹತ್ತಿದಳು. ಡಬ್ಬಿ ಖಾಲಿ ಮಾಡಿದಳು. ಬೆಂಚಿನ ಆ ತುದಿ ಡೆಂಟಿಸ್ಟರು, ಈ ತುದಿ ನಾನು. ಅವರು ನನ್ನನ್ನು ನೋಡುತ್ತಿದ್ದ ನೋಟದಲ್ಲಿ ಅರಿವಳಿಕೆ ಕೊಡದೆ ಹಲ್ಲು ಕೀಳುವ ಆಸೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮನೆಗೆ ಬಂದವನು ಹೆಂಡತಿಯ ಮುಂದೆ ಎದೆ ಉಬ್ಬಿಸಿದೆ. "ನೋಡಿದ್ಯಾ? ಒಂದು ಹನಿ ಕಣ್ಣೀರಿಲ್ಲ! ಬೀದಿಯವರು ಬೈದ್ರೇನು, ಮಗಳು ಗೆದ್ಲು!"

"ನಾಳೆ ಬೆಳಿಗ್ಗೆ ಮಾತಾಡೋಣ" ಎಂದಳು. ಎಷ್ಟು ಮೆಲ್ಲಗೆ ಎಂದರೆ, ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಾಯಿತು.

ಗುರುವಾರ ಬೆಳಿಗ್ಗೆ ಮತ್ತೆ ಸೀಟಿ ಊದಿದೆ. "ಏಳು ಚಿಟಿಕೆ, ಶಾಲೆ!"

ಅವಳು ಒಂದು ಕಣ್ಣು ತೆರೆದಳು. "ಶಾಲೆ ನಿನ್ನೆ ಆಯ್ತಲ್ಲಪ್ಪ."

"ಇವತ್ತೂ ಇದೆ ಪುಟ್ಟಿ."

"ಯಾಕೆ? ನಿನ್ನೆ ನಾನು ಸರಿಯಾಗಿ ಹೋಗ್ಲಿಲ್ವಾ?"

"ಚೆನ್ನಾಗೇ ಹೋದೆ. ಆದ್ರೆ ದಿನಾ ಹೋಗ್ಬೇಕು."

"ಎಲ್ಲಿ ತನಕ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ನಿನ್ನೆ ಇಡೀ ಬೀದಿಗೆ ಸುಳ್ಳು ಹೇಳಿದವನಿಗೆ ಇವತ್ತೇ ಸತ್ಯಹರಿಶ್ಚಂದ್ರನಾಗುವ ಬುದ್ಧಿ ಬರಬೇಕೆ? "ದೊಡ್ಡೋಳಾಗೋ ತನಕ. ಆಮೇಲೆ ಕಾಲೇಜು. ಆಮೇಲೆ ಕೆಲಸಕ್ಕೆ ಹೋಗ್ಬೇಕು, ಅಪ್ಪನ ಹಾಗೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಅದರಲ್ಲಿ ತನ್ನ ಇಡೀ ಭವಿಷ್ಯ ಕಂಡಿರಬೇಕು. ಹೋ ಎಂದು ಕಿರುಚಿ ಮಂಚದ ಕೆಳಗೆ ನುಗ್ಗಿದಳು! ಬಾ ಎಂದರೆ ಬರಲಿಲ್ಲ, ಬಿಸ್ಕತ್ತು ತೋರಿಸಿದರೆ ಬಿಸ್ಕತ್ತು ಮಾತ್ರ ಒಳಗೆ ಹೋಯಿತು. ಹೆಂಡತಿ ಕೈಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟೆಲ್ಲ ಮಾಡಿದ್ದು ಇದೊಂದು ಆಗಬಾರದೆಂದು ತಾನೆ? ಹಿಂದೆಮುಂದೆ ನೋಡದೆ ನಾನೂ ಮಂಚದ ಕೆಳಗೆ ನುಗ್ಗಿದೆ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ಉಸಿರು ಹೊರಕ್ಕೆ ಬಿಟ್ಟು ದಬ್ಬಿದೆ, ಹೋಯಿತು. ಉಸಿರು ಎಳೆದುಕೊಂಡೆ, ಅಲ್ಲೇ ಬಿಗಿಯಾಗಿ ಕೂತುಬಿಟ್ಟಿತು!

ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು. ಅದರ ಹಿಂದೆಯೇ ಅವಳಿಗಳ ಕೂಗು. "ಚಿಟಿಕೇ, ಬೇಗ ಬಾರೇ! ಜಾರುಬಂಡೆಗೆ ಬೇರೆಯವರು ಬಂದ್ಬಿಡ್ತಾರೆ!"

ಚಿಟಿಕೆಯ ಅಳು ತಟ್ಟನೆ ನಿಂತಿತು. ಒಂದು ಕ್ಷಣ ನನ್ನನ್ನು ನೋಡಿದಳು. "ಅಪ್ಪಾ, ನೀನು ಬೇಕಾದ್ರೆ ಇಲ್ಲೇ ಇರು" ಎಂದವಳೇ ಮಂಚದ ಆ ಬದಿಯಿಂದ ಮೀನಿನಂತೆ ನುಸುಳಿ ಹೊರಬಿದ್ದಳು. ಅಮ್ಮ ಬಟ್ಟೆ ತೊಡಿಸಿದ್ದು, ಬೂಟು ಹಾಕಿಸಿದ್ದು, ಮೂಗು ಒರೆಸಿದ್ದು ಎಲ್ಲ ಕಿವಿಯಿಂದಲೇ ನೋಡಿದೆ. ವ್ಯಾನು ಹೊರಟ ಸದ್ದು ಕೇಳಿಸಿತು. ಅಳುವ ಸದ್ದು ಇರಲಿಲ್ಲ. ಖುಷಿಯಿಂದ ಎದ್ದು ಕುಣಿಯಬೇಕೆನಿಸಿತು, ಏಳುವುದಕ್ಕಾಗಲಿಲ್ಲ.

ಹೆಂಡತಿ ಬಗ್ಗಿ ನೋಡಿ ಪಿಸುಗುಟ್ಟಿದಳು. "ಲೈಬ್ರರಿಗೆ ಹೊತ್ತಾಯ್ತು. ಎದುರು ಮನೆಯವರಿಗೆ ಹೇಳಿ ಹೋಗ್ತೀನಿ. ಬಿಗಿಯಾಗಿ ಕೂತಿದ್ದನ್ನ ಕಿತ್ತು ಅವರಿಗೆ ಅಭ್ಯಾಸ ಇದೆ."

ಸ್ವಲ್ಪ ಹೊತ್ತಿಗೆ ಡೆಂಟಿಸ್ಟರ ಚಪ್ಪಲಿಗಳು ಬಂದು ನನ್ನ ಮೂಗಿನ ಮುಂದೆ ನಿಂತವು.

"ಸಾರ್, ಸ್ವಲ್ಪ ಮಂಚ ಎತ್ತಿ! ಉಸಿರು ಕಟ್ತಾ ಇದೆ!"

"ನಿಜವಾಗ್ಲೂ?"

"ನಿಜ ಸಾರ್!"

"ನಿನ್ನೆನೂ ಹೀಗೇ ಹೇಳಿದ್ರಿ" ಎಂದು ಅವರು ಕುರ್ಚಿ ಎಳೆದುಕೊಂಡು ಕೂತು ಪೇಪರ್ ಬಿಡಿಸಿದರು.