ಬರೆದದ್ದೆಲ್ಲ ಓದಬಾರದ ಭಾಷೆ

ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಮನರಂಜನೆಗೆ ಬೇರೆ ಖರ್ಚಿಲ್ಲ. ಎಲ್ಲಾ ತಿಳಿದವರು ತಾವಾಗಿಯೇ ಮೆಟ್ಟಿಲು ಹತ್ತಿ ಬರ್ತಾರೆ. ಈ ಸಲ ಅವರನ್ನು ಎಳೆದು ತಂದದ್ದು ಫ್ರೆಂಚ್ ಭಾಷೆ.

ನನ್ನ ಸೊಸೆ ಫ್ರೆಂಚ್ ಓದಿದವಳು. ಹೊರಮಾವಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಖಾಲಿ ಇತ್ತು. ಕಮಿಟಿ ಮುಂದೆ ಒಂದು ಪಾಠ ಮಾಡಿ ಗೆಲ್ಲಬೇಕು. ಸೋತರೆ ನನ್ನ ಗಲ್ಲಾದಲ್ಲಿ ಕೂರಬೇಕು. ಅದು ಅವಳಿಗೂ ಬೇಡ, ನನಗೂ ಬೇಡ.

ಭಜನೆ

ಹಲಸೂರಿನ ಮನೆಯಲ್ಲಿ ತಾಲೀಮು ಶುರುವಾಯ್ತು. ಕ್ರಿಯಾಪದವನ್ನು ತುಂಡು ಮಾಡಿ, ತುಂಡಿಗೊಂದು ಚಪ್ಪಾಳೆ. "ನೂ-ಪರ್-ಲೋಂ." ನಾವು ಮಾತಾಡ್ತೀವಿ ಅಂತ ಅರ್ಥವಂತೆ.

ಚಪ್ಪಾಳೆ ಕೇಳಿ ಪಕ್ಕದ ಮನೆಯಾಕೆ ಓಡಿ ಬಂದರು. "ಭಜನೆ ಇಟ್ಕೊಂಡು ನಮ್ಮನ್ನ ಕರೀಲೇ ಇಲ್ವಲ್ಲ!" ಅಂತ ಕೂತು, ಕಣ್ಮುಚ್ಚಿ, ತಾಳ ಹಾಕಿದರು. ಕೊನೆಗೆ "ಯಾವ ದೇವರದಮ್ಮಾ?" ಅಂದರು.

"ದೇವರದಲ್ಲ ಆಂಟಿ, ಕ್ರಿಯಾಪದದ್ದು."

"ಯಾರದಾದ್ರೇನು, ಪ್ರಸಾದ ಏನ್ ಮಾಡಿದೀಯ?"

ಗಂಟಲು

ಮನೆಯಲ್ಲಿ ಈ ಕಾಟ ಅಂತ ಅಂಗಡಿಗೆ ಬಂದು ಓದತೊಡಗಿದಳು. ಪರದೆ ಬಟ್ಟೆಗೆ ಬಂದಿದ್ದ ಇಂದಿರಾನಗರದ ಮಹಾಶಯನೊಬ್ಬ ಕಿವಿ ನಿಮಿರಿಸಿದ. ಮೊಬೈಲಿನಲ್ಲಿ ಒಂದು ತಿಂಗಳು ಫ್ರೆಂಚ್ ಕಲಿತವನು.

"ಮೇಡಂ, 'ಪರ್ಲ್' ಅಲ್ಲಿ ರ ಗಂಟಲಿಂದ ಬರ್ಬೇಕು, ಹೀಗೆ" ಅಂತ ಗಂಟಲಿಂದ ರಕಾರ ಎಳೆದ. ಕೆಮ್ಮು ಹತ್ತಿಕೊಂಡಿತು, ಕಣ್ಣು ಕೆಂಪಾಯ್ತು. ನಮ್ಮ ಸೇಲ್ಸ್‌ಮನ್ ನೀರು ಹಿಡಿದು ಓಡಿದ: "ಸಾಬ್, ಪೈಲೆ ಪಾನಿ ಪಿಯೋ!"

ಸೊಸೆ ಮರ್ಯಾದೆಗೆ, "ಇನ್ನೊಂದ್ಸಲ ಹೇಳಿ ಸಾರ್" ಅಂದಳು.

"ಬೇಡಮ್ಮಾ!" ಅಂದ ಸೇಲ್ಸ್‌ಮನ್. "ಬಿಲ್ ಆಗ್ಲಿ, ಆಮೇಲೆ ಹೇಳ್ಲಿ."

ಕಮಿಟಿ

ಆ ಶಾಲೆಯ ಸೆಕ್ರೆಟರಿ ಯೂನಿಫಾರಂ ಬಟ್ಟೆಗೆ ನನ್ನ ಗಿರಾಕಿ. ಸೊಸೆಯನ್ನು ಬಿಡಲು ಹೋದ ನನಗೂ ಒಳಗೇ ಕುರ್ಚಿ ಹಾಕಿಸಿದ. ಕಮಿಟಿಯಲ್ಲಿ ಮೂವರು. ಮೂವರಿಗೂ ಫ್ರೆಂಚ್ ಬಾರದು, ಹಾಗಾಗಿ ಪರೀಕ್ಷೆ ಬಹಳ ಬಿಗಿಯಾಗಿತ್ತು.

ಸೊಸೆ ಬೋರ್ಡಿನ ಮೇಲೆ ಬರೆದು ಓದಿದಳು. ನಾನು, ನೀನು, ಅವರು, ಈ ಮೂವರಲ್ಲಿ ಯಾರು ಮಾತಾಡಿದರೂ ಬರೆಯೋದು ಬೇರೆ ಬೇರೆ, ಬಾಯಲ್ಲಿ ಒಂದೇ 'ಪರ್ಲ್'.

ಸೆಕ್ರೆಟರಿ ಮುಖ ಗಂಟಿಕ್ಕಿದ. "ನಿಮಗಿಂತ ಮುಂಚೆ ಪಾಠ ಮಾಡಿದ ಮೇಡಂ ಒಂದಕ್ಷರ ಬಿಡದೆ ಓದಿದ್ರು. ನೀವು ಕೊನೇದೆಲ್ಲ ನುಂಗ್ತೀರಲ್ಲಮ್ಮಾ?"

"ಅದನ್ನ ಬರೀಬೇಕು ಸಾರ್, ಹೇಳ್ಬಾರ್ದು."

"ಅದು ಹೇಗಮ್ಮಾ? ಪೂರ್ತಿ ಫೀಸ್ ತಗೊಂಡು ಅರ್ಧ ಓದಿಸ್ತೀರಾ ಅಂತ ಪೇರೆಂಟ್ಸ್ ಕೇಳಲ್ವಾ? ಬರೆದ ಮೇಲೆ ಇರ್ಬೇಕು!" ಮಿಕ್ಕಿಬ್ಬರೂ ತಲೆ ಆಡಿಸಿದರು. ಫೈಲು ಮುಚ್ಚಿತು. ಸೊಸೆಯ ಮುಖ ಬಾಡಿತು.

ನನಗೆ ತಡೆಯಲಾಗಲಿಲ್ಲ. "ಸಾರ್, ನಿಮ್ಮ ಶಾಲೆ ಜಾಹೀರಾತಲ್ಲಿ ಈಜುಕೊಳ ಅಂತ ಬರೆದಿದೀರಲ್ಲ, ಅದೆಲ್ಲಿದೆ? ಬಂದಾಗಿಂದ ಹುಡುಕ್ತಾ ಇದೀನಿ."

ಒಬ್ಬ ಮೆಂಬರ್ ಕಿಟಕಿ ಕಡೆ ತಿರುಗಿಕೊಂಡ.

ಸೆಕ್ರೆಟರಿ ಫೈಲು ಮತ್ತೆ ತೆರೆದ. "ಸೋಮವಾರ ಬಂದು ಸೇರ್ಕೊಳ್ಳಿ ಅಮ್ಮಾ. ಮಾವನವರನ್ನ ಮಾತ್ರ ಗೇಟ್ ಹೊರಗೇ ಬಿಟ್ಟು ಬನ್ನಿ."