ದೇವದಾಸರ ಕೋರೆಹಲ್ಲು

ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸುತ್ತೇನೆ, ಅದನ್ನು ಓದಿದ ಮಕ್ಕಳು ಹಾಡಹಗಲಲ್ಲೂ ಬಚ್ಚಲಿಗೆ ಒಬ್ಬರೇ ಹೋಗಬಾರದು ಎಂದು ಉದ್ಯಾವರದ ನಳಿನಾಕ್ಷಿ ಟೀಚರ್ ಮನೆಯವರ ಮುಂದೆ ಘೋಷಿಸಿದರು. ನಾಯಕಿ ಕಾಪುವಿನ ಹದಿನಾರರ ಹುಡುಗಿ. ಚಿಕ್ಕಮ್ಮನ ಕೈಕೆಳಗೆ ರಕ್ತಪಿಶಾಚಿಗಳ ಬೇಟೆ ಕಲಿಯುತ್ತಿದ್ದಾಳೆ. ಎರಡು ಅಧ್ಯಾಯ ಸರಾಗವಾಗಿ ಓಡಿದವು. ಮೂರನೆಯದರಲ್ಲಿ ಪಿಶಾಚಿ ಬಾಯಿ ತೆರೆಯಬೇಕಿತ್ತು. ಅಷ್ಟುದ್ದ ಕೋರೆಹಲ್ಲು ಇಟ್ಟುಕೊಂಡು ಅದು ಮಾತಾಡುವುದು ಹೇಗೆ? ಟೀಚರ ಪೆನ್ನು ಅಲ್ಲೇ ನಿಂತಿತು.

ಅವರ ಗಂಡ ದೇವದಾಸರು ಮಣಿಪಾಲದಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿದ್ದರು. ಸಾಹಿತ್ಯಸೇವೆಯ ಹೆಸರಿನಲ್ಲಿ ಹೆಂಡತಿ ವಾರವಿಡೀ ಪೀಡಿಸಿದ ಮೇಲೆ, ತಮ್ಮದೇ ಅಳತೆಗೆ ಎರಡು ಕೋರೆಹಲ್ಲು ಮಾಡಿ ತಂದರು. ಭಾನುವಾರ ಬೆಳಿಗ್ಗೆ ಅವನ್ನು ಸಿಕ್ಕಿಸಿಕೊಂಡು, "ನಿನ್ನ ಲಕ್ತ ಬೇಕು," ಎಂದರು. ನಳಿನಾಕ್ಷಿ ಪುಳಕಗೊಂಡು ಹಾಗೆಯೇ ಬರೆದುಕೊಂಡರು. ಇನ್ನೊಂದು, ಮತ್ತೊಂದು ಎಂದು ನಾಲ್ಕು ಪುಟ ಹೇಳಿಸಿ, ಸಾಕು ತೆಗೆಯಿರಿ ಎಂದರೆ ಹಲ್ಲು ಬರಲಿಲ್ಲ. ಬಿಸಿನೀರು, ತೆಂಗಿನೆಣ್ಣೆ, ಕೊನೆಗೆ ಇಕ್ಕಳ. ಯಾವುದಕ್ಕೂ ಜಗ್ಗಲಿಲ್ಲ. ದೇವದಾಸರ ಕೆಲಸ ಅಷ್ಟು ಚೊಕ್ಕ!

ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಅದೇ ಮನೆಯಲ್ಲಿದ್ದ ದೇವದಾಸರ ತಂಗಿ ವಿನೋದಾ, ನಿಟ್ಟೆಯಲ್ಲಿ ತನ್ನ ಜೊತೆ ಕೆಲಸ ಮಾಡುವ ವಿಕಾಸನನ್ನು ಮೆಚ್ಚಿದ್ದಳು. ಅವನ ಅಜ್ಜಿ ಒಪ್ಪಿದರಷ್ಟೇ ಮದುವೆ. ಹೆಣ್ಣು ನೋಡಲು ಹನ್ನೊಂದಕ್ಕೆ ಬರಬೇಕಿದ್ದ ಆ ಅಜ್ಜಿ, ವಿಕಾಸ, ಅವನ ತಂಗಿ ಮೋಕ್ಷಾ ಕಾರ್ಕಳದಿಂದ ಹತ್ತಕ್ಕೇ ಬಂದುಬಿಟ್ಟಿದ್ದರು.

"ಅತ್ತಿಗೆ, ಈ ಸಂಬಂಧ ತಪ್ಪಿದರೆ ನಿಮ್ಮ ಕಾದಂಬರಿಯನ್ನು ಒಲೆಗೆ ಹಾಕ್ತೇನೆ," ಎಂದಳು ವಿನೋದಾ. ಅವಳ ಕಣ್ಣಲ್ಲಿ ನೀರಿತ್ತು.

ಇವರಿಗೆ ಇವತ್ತು ಮೌನವ್ರತ ಎಂದು ನಳಿನಾಕ್ಷಿ ಅತಿಥಿಗಳಿಗೆ ಸಾರಿಬಿಟ್ಟರು. ದೇವದಾಸರು ತುಟಿ ಬಿಗಿದು ಕೈಮುಗಿದರು. ಇಂಥ ಸಾತ್ವಿಕರು ಈಗ ಎಲ್ಲಿ ಸಿಗುತ್ತಾರೆ ಎಂದು ಅಜ್ಜಿಗೆ ಮೆಚ್ಚುಗೆಯೋ ಮೆಚ್ಚುಗೆ. ತಾವೇ ಎದ್ದು ಅವರ ತಟ್ಟೆಗೆ ಗೋಳಿಬಜೆ ಹಾಕಿ, ತಿನ್ನಲಿಕ್ಕೆ ವ್ರತದ ಅಡ್ಡಿಯಿಲ್ಲವಲ್ಲ ಎಂದು ಎದುರಿಗೇ ನಿಂತರು. ಸಾತ್ವಿಕರು ಬಾಯಿ ತೆರೆಯಲೇಬೇಕಾಯಿತು. ಅಜ್ಜಿಯ ಕೈಯಿಂದ ಚಟ್ನಿಯ ಬಟ್ಟಲು ಜಾರಿತು. ಗಾಬರಿಯಲ್ಲಿ ಕಚ್ಚಿದ ರಭಸಕ್ಕೆ ಒಂದು ಕೋರೆಹಲ್ಲು ಗೋಳಿಬಜೆಯಲ್ಲೇ ಉಳಿಯಿತು, ಇನ್ನೊಂದು ಬಾಯಲ್ಲಿ.

ನಳಿನಾಕ್ಷಿ ತಡವರಿಸುತ್ತ ಎಲ್ಲವನ್ನೂ ಒಪ್ಪಿಕೊಂಡರು. ವಿಕಾಸ ನಗು ತಡೆಯಲಾರದೆ ಜಗಲಿಗೆ ಓಡಿದ. ಅಜ್ಜಿ ಮಾತ್ರ ನಗದೆ, ಆ ಕತೆ ಎಂತದೆಂದು ಓದಿ ಹೇಳಿ ಎಂದರು. ಟೀಚರ್ ತಮ್ಮಿಂದಾದಷ್ಟು ಭೀಕರ ಧ್ವನಿಯಲ್ಲಿ ಮೂರನೆಯ ಅಧ್ಯಾಯ ಓದಿದರು. "ನಿನ್ನ ಲಕ್ತ ಬೇಕು," ಎಂದು ಪಿಶಾಚಿ ಗರ್ಜಿಸಿತು, ಹುಡುಗಿ ಗೂಟ ಎತ್ತಿದಳು. ಓದು ಮುಗಿದಾಗ ಹದಿನೈದರ ಮೋಕ್ಷಾಳ ಕಣ್ಣು ಒದ್ದೆಯಾಗಿತ್ತು. ಹೆದರಿದಳೆಂದು ಟೀಚರಿಗೆ ಒಳಗೊಳಗೇ ಹೆಮ್ಮೆ.

"ಆಂಟಿ, ಪಿಶಾಚಿಯನ್ನು ಕೊಲ್ಲಬೇಡಿ," ಎಂದಳು ಮೋಕ್ಷಾ. "ಪಾಪ, ಅದಕ್ಕೆ ಮನೆಯಲ್ಲಿ ಯಾರೋ ತುಂಬ ಜೋರು ಮಾಡ್ತಾರೆ ಅಂತ ಕಾಣ್ತದೆ."

ಅಜ್ಜಿ ದೇವದಾಸರ ತಟ್ಟೆಗೆ ಇನ್ನೆರಡು ಗೋಳಿಬಜೆ ಹಾಕಿ, ವಿನೋದಾಳನ್ನು ಹತ್ತಿರ ಕೂರಿಸಿಕೊಂಡರು.

"ಇಂಥ ಪಾಪದ ಪಿಶಾಚಿಯ ತಂಗಿಯನ್ನು ಬೇಡ ಅನ್ನಲಿಕ್ಕುಂಟಾ? ನಮಗೆ ಒಪ್ಪಿಗೆ," ಎಂದರು. ಆಮೇಲೆ ನಳಿನಾಕ್ಷಿಯ ಕಡೆ ತಿರುಗಿ, "ಹೆದರಿಕೆ ಆದದ್ದು ಬರೆದವರನ್ನು ನೋಡಿ ಮಾತ್ರ."